ಬಾಲಿಯೋ, ಫುಕೆಟ್ಟೋ? ಮೊದಲು ತಿಂಗಳು ಹೇಳಿ

ಕುಟುಂಬಗಳಿಗೆ ವಿದೇಶ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಬೆಂಗಳೂರಿನ ನಮ್ಮ ಕಚೇರಿಗೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದವರೂ ಬರುತ್ತಾರೆ, ಮಕ್ಕಳ ಮದುವೆ ಮುಗಿಸಿ ನಿರಾಳವಾಗಿ ಇಬ್ಬರೇ ಹೊರಟ ನಿವೃತ್ತ ದಂಪತಿಯೂ ಬರುತ್ತಾರೆ. ಕಡಲತೀರ ಬೇಕು ಅನ್ನುವವರು ಹೆಚ್ಚಾಗಿ ಎರಡು ಹೆಸರು ಹಿಡಿದೇ ಬಂದಿರುತ್ತಾರೆ: ಇಂಡೊನೇಷ್ಯಾದ ಬಾಲಿ, ಥಾಯ್ಲೆಂಡಿನ ಫುಕೆಟ್. "ಎರಡರಲ್ಲಿ ಯಾವುದು ಚೆನ್ನಾಗಿದೆ ಹೇಳಿ ಸರ್" ಎಂದು ಕೇಳುತ್ತಾರೆ.

ಎರಡೂ ಚೆನ್ನಾಗಿವೆ. ಆದರೆ ಒಂದೇ ಕುಟುಂಬಕ್ಕೆ, ಒಂದೇ ತಿಂಗಳಲ್ಲಿ ಎರಡೂ ಚೆನ್ನಾಗಿರುವುದು ಅಪರೂಪ. ಹಾಗಾಗಿ ಯಾವ ದ್ವೀಪ ಎನ್ನುವ ಮೊದಲು ಯಾವಾಗ ಹೋಗುತ್ತೀರಿ, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ ಪಾಠಗಳನ್ನು ಇಲ್ಲಿ ಬರೆದಿದ್ದೇನೆ.

1. ದ್ವೀಪಕ್ಕಿಂತ ಮೊದಲು ತಿಂಗಳು ನಿಶ್ಚಯವಾಗಲಿ

ಫುಕೆಟ್ ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ಉತ್ತರಕ್ಕಿದೆ, ಬಾಲಿ ಸುಮಾರು 8 ಡಿಗ್ರಿ ದಕ್ಷಿಣಕ್ಕೆ. ಎರಡೂ ವರ್ಷವಿಡೀ ಬೆಚ್ಚಗಿನ ಊರುಗಳೇ. ಆದರೆ ಮಳೆಗಾಲ ಮಾತ್ರ ಅದಲುಬದಲು. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಮೇ ತಿಂಗಳಿಂದ ಅಕ್ಟೋಬರ್ ತನಕ ಫುಕೆಟ್‌ನ ಪಶ್ಚಿಮ ತೀರವನ್ನೂ ಕಲಕುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಜೋರು. ನವೆಂಬರ್ ಮಧ್ಯದಿಂದ ಏಪ್ರಿಲ್ ತನಕ ಅದೇ ಕಡಲು ಶಾಂತ, ನೀರು ತಿಳಿ. ಬಾಲಿಯಲ್ಲಿ ನವೆಂಬರ್‌ನಿಂದ ಮಾರ್ಚ್ ಮಳೆಗಾಲ, ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ.

ಇದನ್ನು ನಮ್ಮ ಶಾಲಾ ರಜೆಗಳ ಪಕ್ಕದಲ್ಲಿಟ್ಟು ನೋಡಿ. ಕ್ರಿಸ್‌ಮಸ್ ರಜೆಗೋ, ಸಂಕ್ರಾಂತಿಯ ಆಸುಪಾಸಿಗೋ ಹೊರಟರೆ ಫುಕೆಟ್. ಬೇಸಿಗೆ ರಜೆಯಲ್ಲಿ, ಅದರಲ್ಲೂ ಮೇ ತಿಂಗಳಲ್ಲಿ ಹೊರಟರೆ ಬಾಲಿ. ದಸರಾ ರಜೆಗೂ ಬಾಲಿಯೇ. ಏಪ್ರಿಲ್ ಮೊದಲ ಎರಡು ವಾರ ಮಾತ್ರ ಎರಡೂ ಕಡೆ ಹೊಂದುತ್ತದೆ. ಆಗ ಫುಕೆಟ್‌ನಲ್ಲಿ ಸೆಕೆ ಹೆಚ್ಚು, ಆದರೆ ಕಡಲು ಇನ್ನೂ ಒಳ್ಳೆಯದಿರುತ್ತದೆ. ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸವರ್ಷ ಸೊಂಗ್‌ಕ್ರಾನ್. ಬೀದಿಯಲ್ಲಿ ಹೋಗುವವರ ಮೇಲೆಲ್ಲ ನೀರೆರಚಿ ಆಡುತ್ತಾರೆ. ಮಕ್ಕಳಿಗೆ ಅದೇ ಒಂದು ಹಬ್ಬ.

ಮಳೆಗಾಲದಲ್ಲಿ ದರ ಇಳಿಯುತ್ತದೆ, ನಿಜ. ಮಳೆ ನೋಡುತ್ತಾ ಒಳ್ಳೆಯ ಹೋಟೆಲ್ಲಿನಲ್ಲಿ ವಿಶ್ರಾಂತಿ ಬೇಕು ಅನ್ನುವವರಿಗೆ ಅದು ಲಾಭವೇ. ದೋಣಿಯಲ್ಲಿ ಸುತ್ತಬೇಕು, ಹವಳ ನೋಡಬೇಕು ಎಂದು ಬಂದವರಿಗೆ ಆ ಉಳಿತಾಯದಿಂದ ಪ್ರಯೋಜನವಿಲ್ಲ. ಹವಳಕ್ಕೆ ಹೆಸರಾದ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಬಿಡುತ್ತಾರೆ. ಬಾಲಿಯ ಮಳೆಗಾಲಕ್ಕೆ ಬೇರೆಯದೇ ತೊಂದರೆ: ಪಶ್ಚಿಮದ ಗಾಳಿ ಕುಟಾ, ಲೆಗಿಯನ್ ತೀರಗಳಿಗೆ ಪ್ಲಾಸ್ಟಿಕ್ ಕಸವನ್ನು ತಂದು ಹಾಕುತ್ತದೆ. ಜನವರಿಯಲ್ಲಿ ಹೋಗುವವರಿಗೆ ಇದನ್ನು ಮೊದಲೇ ಹೇಳುತ್ತೇನೆ.

2. ಫುಕೆಟ್‌ನಲ್ಲಿ ಕಡಲು ಮುಖ್ಯ, ಬಾಲಿಯಲ್ಲಿ ನೆಲ ಮುಖ್ಯ

ಬಾಲಿ ವಿಸ್ತೀರ್ಣದಲ್ಲಿ ಫುಕೆಟ್‌ಗಿಂತ ಸುಮಾರು ಹತ್ತು ಪಟ್ಟು ದೊಡ್ಡದು. ಬೆಟ್ಟ, ಕೆರೆ, ಜ್ವಾಲಾಮುಖಿ, ಗದ್ದೆ, ದೇವಾಲಯ ಎಲ್ಲವೂ ಅಲ್ಲಿವೆ. ಜತಿಲುವಿಯ ಮೆಟ್ಟಿಲುಗದ್ದೆಗಳಿಗೆ ನೀರು ಹಂಚುವ 'ಸುಬಕ್' ವ್ಯವಸ್ಥೆಯಲ್ಲಿ ರೈತರು, ನೀರಿನ ದೇವಾಲಯಗಳು ಒಟ್ಟಾಗಿ ಸರದಿ ನಿರ್ಧರಿಸುತ್ತವೆ. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉಲುವಾಟುವಿನ ಬಂಡೆಯಂಚಿನಲ್ಲಿ ಸಂಜೆ ನಡೆಯುವ ಕೆಚಕ್ ನೃತ್ಯದಲ್ಲಿ ವಾದ್ಯಗಳಿಲ್ಲ; ಗಂಡಸರ ಗುಂಪಿನ ಕಂಠವೇ ತಾಳ, ಕಥೆ ರಾಮಾಯಣದ್ದು. ಹನುಮಂತ ಬೆಂಕಿಯ ನಡುವಿನಿಂದ ಜಿಗಿದಾಗ ನಮ್ಮ ಊರಿನ ಅಜ್ಜಿಯರು ಕೈಮುಗಿಯುವುದನ್ನು ನೋಡಿದ್ದೇನೆ. ಆ ಕುಟುಂಬಗಳು ಹಿಂದಿರುಗಿ ಬೀಚಿನ ಮಾತು ಆಡುವುದು ಕಡಿಮೆ.

ಫುಕೆಟ್‌ನಲ್ಲೂ ನೋಡುವ ಊರಿದೆ. ತವರದ ಗಣಿಗಾರಿಕೆಯಿಂದ ಬೆಳೆದ ಹಳೆಪೇಟೆಯಲ್ಲಿ ಚೀನಾ-ಪೋರ್ಚುಗೀಸ್ ಶೈಲಿಯ ಬಣ್ಣದ ಅಂಗಡಿಮನೆಗಳ ಸಾಲಿದೆ, ಭಾನುವಾರ ಸಂಜೆ ಥಲಾಂಗ್ ರಸ್ತೆಯಲ್ಲಿ ಸಂತೆ ಸೇರುತ್ತದೆ. ಆದರೆ ಅಲ್ಲಿ ನಿಜವಾಗಿ ನೋಡಬೇಕಾದ್ದು ದ್ವೀಪದ ಸುತ್ತಲಿನ ನೀರು. ಫಾಂಗ್‌ಙಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ಬಂಡೆಗಳು ನೇರವಾಗಿ ಕಡಲಿಂದ ಎದ್ದು ನಿಂತಿವೆ. ಕೆಲವು ಬಂಡೆಗಳ ಹೊಟ್ಟೆಯಲ್ಲಿ ಗುಹೆ ದಾಟಿ ತೆಪ್ಪದಲ್ಲಿ ತಲುಪಬಹುದಾದ ಬಯಲುಕೊಳಗಳಿವೆ. ಫಿಫಿ ದ್ವೀಪಗಳ ನೀಲಿ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ. ಕಡಲಿಗೆ ಇಳಿಯುವ ಮನಸ್ಸಿಲ್ಲದ, ದೋಣಿ ಎಂದರೆ ಹೊಟ್ಟೆ ತೊಳೆಸುವ ಕುಟುಂಬಕ್ಕೆ ಎಷ್ಟೇ ಒಳ್ಳೆಯ ತಿಂಗಳಾದರೂ ನಾನು ಫುಕೆಟ್ ಹೇಳುವುದಿಲ್ಲ.

3. ದ್ವೀಪ ಆರಿಸಿದರೆ ಸಾಲದು, ತೀರವನ್ನೂ ಆರಿಸಬೇಕು

"ಬಾಲಿಯಲ್ಲಿ ಬಿಳಿ ಮರಳೇ ಇರಲಿಲ್ಲ" ಎಂಬ ದೂರು ಕೇಳಿದರೆ ಅವರು ಚಾಂಗುವಿನಲ್ಲಿ ಉಳಿದಿದ್ದರು ಎಂದು ತಿಳಿಯುತ್ತದೆ. ಅಲ್ಲಿನ ಮರಳು ಜ್ವಾಲಾಮುಖಿಯದ್ದು, ಕಪ್ಪು ಬೂದಿ ಬಣ್ಣ. ಕುಟಾ, ಸೆಮಿನ್ಯಾಕ್, ಚಾಂಗು ತೀರಗಳು ಅಲೆಯ ಮೇಲೆ ಹಲಗೆಯಾಡುವವರಿಗೆ ಸರಿ, ಸಣ್ಣ ಮಕ್ಕಳಿಗಲ್ಲ. ಮಕ್ಕಳು, ಹಿರಿಯರು ಇದ್ದರೆ ನೂಸಾ ದುವಾ ಅಥವಾ ಸನೂರ್ ಹೇಳುತ್ತೇನೆ. ಎರಡರ ಮುಂದೆಯೂ ಹವಳದ ದಿಬ್ಬ ಅಡ್ಡವಿರುವುದರಿಂದ ಅಲೆಗಳು ದೂರದಲ್ಲೇ ಒಡೆಯುತ್ತವೆ. ಸನೂರ್‌ನಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ಹಿಂದೆ ಸರಿದು ಕಲ್ಲು, ಪಾಚಿ ಕಾಣುತ್ತದೆ. ಈಜಲು ಉಬ್ಬರದ ಸಮಯ ಕೇಳಿಕೊಂಡು ಇಳಿಯಬೇಕು. ದಕ್ಷಿಣದ ಬುಕಿಟ್ ಭಾಗದಲ್ಲಿ ಬಿಳಿ ಮರಳಿದೆ, ಆದರೆ ಎತ್ತರದ ಬಂಡೆಯಿಂದ ಮೆಟ್ಟಿಲಿಳಿದು ಹೋಗಬೇಕು.

ಫುಕೆಟ್‌ನಲ್ಲಿ ಹೆಸರು ಕೇಳಿದವರೆಲ್ಲ ಪತಾಂಗ್ ಕೇಳುತ್ತಾರೆ. ಅಂಗಡಿ, ಮಸಾಜ್, ಭಾರತೀಯ ಹೋಟೆಲ್ಲು ಎಲ್ಲ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಜೊತೆಗೆ ರಾತ್ರಿಯಿಡೀ ಗದ್ದಲ, ಬಾರುಗಳ ಬೀದಿ. ಅಪ್ಪ-ಅಮ್ಮ, ಹದಿಹರೆಯದ ಮಕ್ಕಳ ಜೊತೆ ಹೋಗುವವರಿಗೆ ಕತಾ, ಕರೋನ್ ಅಥವಾ ಕಮಾಲಾ ಒಳ್ಳೆಯದು. ಪೂರ್ತಿ ಮೌನ ಬೇಕಾದರೆ ವಿಮಾನ ನಿಲ್ದಾಣದ ಹತ್ತಿರದ ನಾಯ್ ಯಾಂಗ್ ಇದೆ. ರವಾಯ್ ಎಂಬಲ್ಲಿ ಅಗ್ಗದ ಕೊಠಡಿ ಸಿಗುತ್ತದೆಂದು ಬುಕ್ ಮಾಡುವವರಿದ್ದಾರೆ. ಅದು ದೋಣಿ ನಿಲ್ಲುವ, ಮೀನು ಮಾರುವ ತೀರ, ಈಜುವ ಜಾಗವಲ್ಲ.

4. ಕೆಂಪು ಬಾವುಟ ಹಾರುವಾಗ ನೀರಿಗಿಳಿಯಬೇಡಿ

ಈ ಪಾಠದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಒಳನಾಡಿನ ನಮ್ಮಲ್ಲಿ ಈಜು ಬಾರದವರೇ ಹೆಚ್ಚು. ಮೊಣಕಾಲುದ್ದ ನೀರಿನಲ್ಲಿ ಏನಾದೀತು ಎಂದುಕೊಳ್ಳುತ್ತೇವೆ. ಮಳೆಗಾಲದ ಫುಕೆಟ್‌ನಲ್ಲೂ, ಬಾಲಿಯ ಕುಟಾ ಸಾಲಿನ ತೀರಗಳಲ್ಲೂ ತೀರಕ್ಕೆ ಬಡಿದ ನೀರು ಒಂದೆಡೆ ಕೂಡಿ ಹೊಳೆಯಂತೆ ಕಡಲಿಗೆ ಮರಳುತ್ತದೆ. ಆ ಸೆಳೆತದಲ್ಲಿ ಸಿಕ್ಕವರು ತೀರದ ಕಡೆಗೇ ಕೈ ಬಡಿದು ದಣಿಯುತ್ತಾರೆ. ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತ ಸಡಿಲವಾಗುತ್ತದೆ. ಈಜು ಬಾರದವರು ಸೊಂಟದ ಮೇಲಿನ ನೀರಿಗೆ ಹೋಗಲೇಬಾರದು. ಜೀವರಕ್ಷಕರು ಕೆಂಪು-ಹಳದಿ ಬಾವುಟ ನೆಟ್ಟ ಭಾಗದಲ್ಲಷ್ಟೇ ಇಳಿಯಿರಿ.

2018ರ ಜುಲೈ 5ರಂದು ಫುಕೆಟ್ ಬಳಿ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ 47 ಚೀನೀ ಪ್ರವಾಸಿಗರು ತೀರಿಕೊಂಡರು. ಹವಾಮಾನದ ಎಚ್ಚರಿಕೆ ಆಗಲೇ ಬಂದಿತ್ತು. ಅಂದಿನಿಂದ ನಮ್ಮ ಕಚೇರಿಯ ನಿಯಮ ಒಂದೇ: ಕಡಲು ಸರಿಯಿಲ್ಲ ಎಂದು ಅಲ್ಲಿಯವರು ಹೇಳಿದರೆ ಆ ದಿನದ ದೋಣಿ ಇಲ್ಲ. ದುಡ್ಡು ವಾಪಸು ಬಂದರೂ ಬಾರದಿದ್ದರೂ ಇಲ್ಲ. ಹೋದ ಟಿಕೆಟ್ಟಿನ ಹಣವನ್ನು ನಾಳೆ ದುಡಿಯಬಹುದು. ಗರ್ಭಿಣಿಯರು, ಬೆನ್ನುಹುರಿಯ ತೊಂದರೆ ಇರುವವರು ಸ್ಪೀಡ್‌ಬೋಟ್ ಹತ್ತಬಾರದು. ಅಲೆಗೆ ಅಪ್ಪಳಿಸುವ ಆ ಏಟು ಸಣ್ಣದಲ್ಲ.

5. ಎಲ್ಲರಿಗಿಂತ ನಿಧಾನ ನಡೆಯುವವರ ಕಾಲಿಗೆ ತಕ್ಕಂತೆ ಯೋಜಿಸಿ

ಬಾಲಿ ಪಟ್ಟಿಯಲ್ಲಿ ಎಲ್ಲರೂ ಬರೆಯುವ ಒಂದು ಹೆಸರು ನೂಸಾ ಪೆನಿಡಾ. ಸನೂರ್‌ನಿಂದ ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ಕೆಲಿಂಗ್‌ಕಿಂಗ್ ಬಂಡೆಯ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಮೇಲಿನಿಂದ ನೋಡುವುದಕ್ಕೆ ಯಾರಿಗೂ ತೊಂದರೆಯಿಲ್ಲ. ಕೆಳಗಿನ ಮರಳಿಗೆ ಇಳಿಯುವ ಕಡಿದಾದ ಹಾದಿ ಗಟ್ಟಿ ಕಾಲಿನ ಯುವಕರಿಗೂ ಕಷ್ಟ. ದ್ವೀಪದ ಒಳರಸ್ತೆಗಳೂ ಕುಲುಕುತ್ತವೆ. ಮಂಡಿನೋವಿನ ಅತ್ತೆ-ಮಾವನವರನ್ನು ಆ ದಿನ ಸನೂರ್‌ನಲ್ಲೇ ಬಿಡಿ. ಅಲ್ಲಿ ಕಡಲಂಚಿನಲ್ಲಿ ಹಲವು ಕಿಲೋಮೀಟರ್ ಉದ್ದದ ಸಮತಟ್ಟು ಕಾಲುದಾರಿ ಇದೆ, ನೆರಳಿದೆ, ಕೂರಲು ಜಾಗವಿದೆ. ಬೆಳಗಿನ ಸೂರ್ಯೋದಯವೂ ಅಲ್ಲಿಂದಲೇ ಕಾಣುತ್ತದೆ.

ಫುಕೆಟ್‌ನಲ್ಲಿ ಮೆಟ್ಟಿಲಿಗಿಂತ ದೋಣಿಯೇ ಪರೀಕ್ಷೆ. ಹಲವು ದ್ವೀಪಗಳಲ್ಲಿ ದೋಣಿಯ ಏಣಿಯಿಂದ ನೇರವಾಗಿ ನೀರಿಗಿಳಿದು ಮರಳಿಗೆ ನಡೆಯಬೇಕು. ಸೀರೆಯುಟ್ಟವರಿಗೆ ಅದು ಕಷ್ಟ. ಹಿರಿಯರಿದ್ದರೆ ಸ್ಪೀಡ್‌ಬೋಟಿನ ಬದಲು ಫಾಂಗ್‌ಙಾ ಕೊಲ್ಲಿಗೆ ಹೋಗುವ ದೊಡ್ಡ ದೋಣಿ ಹೇಳುತ್ತೇನೆ. ಆ ಕೊಲ್ಲಿ ಭೂಭಾಗದ ಮರೆಯಲ್ಲಿರುವುದರಿಂದ ನೀರು ಬಹುಮಟ್ಟಿಗೆ ಶಾಂತ.

6. ಸಸ್ಯಾಹಾರಿಗಳು ಸಾರಿನೊಳಗೇನಿದೆ ಎಂದು ಕೇಳಬೇಕು

ಎರಡೂ ಕಡೆ ಭಾರತೀಯ ಹೋಟೆಲ್ಲುಗಳಿವೆ, ಉಪವಾಸ ಬೀಳುವ ಭಯವಿಲ್ಲ. ಆದರೆ ಮೂರು ಹೊತ್ತೂ ಅಲ್ಲೇ ಉಂಡರೆ ಖರ್ಚೂ ಹೆಚ್ಚು, ಊರಿನ ರುಚಿಯೂ ಸಿಗದು. ಸ್ಥಳೀಯ ಅಡುಗೆಯಲ್ಲಿ ಮಾಂಸದ ತುಂಡು ಇಲ್ಲದಿದ್ದರೂ ಕಡಲಿನದೇನೋ ಸೇರಿರುತ್ತದೆ ಎಂಬುದನ್ನು ನೆನಪಿಡಿ. ಬಾಲಿಯ ಸಂಬಾಲ್ ಚಟ್ನಿಯಲ್ಲಿ 'ತೆರಾಸಿ' ಎಂಬ ಸಿಗಡಿಯ ಮುದ್ದೆ ಇರುತ್ತದೆ. ನಾಸಿ ಗೊರೆಂಗ್ ಎಂಬ ಹುರಿದ ಅನ್ನದ ಬದಿಯಲ್ಲಿಡುವ ಹಪ್ಪಳವೂ ಹಲವು ಸಲ ಸಿಗಡಿಯದ್ದು. ಸೋಯಾ ಹುಳಿಸಿ ಮಾಡಿದ ತೆಂಪೆ, ತೋಫು, ಕಡಲೆಕಾಯಿ ಗೊಜ್ಜಿನ ಗಾಡೊ-ಗಾಡೊ ನಮ್ಮವರಿಗೆ ಹಿಡಿಸುತ್ತವೆ. ಮೊಟ್ಟೆ ಬೇಡ, ತೆರಾಸಿ ಬೇಡ ಎಂದು ಹೇಳಬೇಕು.

ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ರಸ 'ನಾಮ್ ಪ್ಲಾ' ಬಳಸುತ್ತಾರೆ, ತರಕಾರಿ ಹುರಿಯಲು ಸಿಂಪಿಯ ಸಾಸ್. ಅಲ್ಲಿ 'ಜೇ' ಎಂದರೆ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಮಡಿ ಊಟದವರಿಗೂ, ಜೈನರಿಗೂ ಇದು ವರ. ಫುಕೆಟ್‌ನ ಚೀನೀ ಮೂಲದವರು ಒಂಬತ್ತು ದಿನ ಸಸ್ಯಾಹಾರದ ಹಬ್ಬ ಆಚರಿಸುತ್ತಾರೆ. 2023, 2024ರಲ್ಲಿ ಅದು ನಮ್ಮ ನವರಾತ್ರಿಯ ದಿನಗಳಲ್ಲೇ ಬಂತು. ಹಳದಿ ಬಾವುಟ ಕಟ್ಟಿದ ಗಾಡಿಗಳಲ್ಲೆಲ್ಲ ಜೇ ತಿನಿಸು ಸಿಗುತ್ತದೆ. ಮೆರವಣಿಗೆಯಲ್ಲಿ ಭಕ್ತರು ಕೆನ್ನೆಗೆ ಶಲಾಕೆ ಚುಚ್ಚಿಕೊಳ್ಳುತ್ತಾರೆ, ಚಿಕ್ಕ ಮಕ್ಕಳಿದ್ದರೆ ಯೋಚಿಸಿ.

7. ದೂರವನ್ನು ಗಂಟೆಯಲ್ಲಿ ಅಳೆಯಿರಿ

ಬೆಂಗಳೂರಿನಿಂದ ಫುಕೆಟ್ ನೇರ ಹಾರಾಟದ ಲೆಕ್ಕದಲ್ಲಿ ಸುಮಾರು ನಾಲ್ಕು ಗಂಟೆ, ಬಾಲಿಯ ಡೆನ್‌ಪಸಾರ್ ಏಳು ಗಂಟೆಯ ಹತ್ತಿರ. ಡೆನ್‌ಪಸಾರ್‌ಗೆ ಇಂಡಿಗೋ 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ನೇರ ವಿಮಾನ ಆರಂಭಿಸಿತು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ನಿಮ್ಮ ತಿಂಗಳಿಗೆ ನೇರ ವಿಮಾನ ಇದೆಯೇ ಎಂದು ನೋಡಿಕೊಂಡೇ ಮುಂದುವರಿಯಿರಿ. ನಾಲ್ಕೇ ದಿನ ರಜೆ ಇರುವವರಿಗೆ ಬಾಲಿ ಬೇಡ. ಅದಕ್ಕೆ ಕನಿಷ್ಠ ಆರು ರಾತ್ರಿ ಬೇಕು.

ಬಾಲಿಯಲ್ಲಿ ರೈಲಿಲ್ಲ, ರಸ್ತೆಗಳು ಕಿರಿದು. ಮೂವತ್ತೈದು ಕಿಲೋಮೀಟರ್ ದೂರದ ಒಳನಾಡಿನ ಊರು ಉಬುಡ್‌ಗೆ ವಿಮಾನ ನಿಲ್ದಾಣದಿಂದ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ದಕ್ಷಿಣದ ಬೀಚಿನಲ್ಲಿ ಕೊಠಡಿ ಹಿಡಿದು ಪ್ರತಿದಿನ ಉಬುಡ್ ಕಡೆಗೆ ಓಡಾಡಿದರೆ ರಜೆಯೆಲ್ಲ ಕಾರಿನಲ್ಲೇ ಕಳೆಯುತ್ತದೆ. ಮೂರು ರಾತ್ರಿ ಉಬುಡ್, ಮೂರು ರಾತ್ರಿ ಕಡಲ ಬದಿ, ದಿನದ ಲೆಕ್ಕಕ್ಕೆ ಚಾಲಕನಿರುವ ಕಾರು: ಇದು ನಾನು ನಂಬಿರುವ ಏರ್ಪಾಡು. ಫುಕೆಟ್‌ನಲ್ಲಿ ಒಂದೇ ಕಡೆ ಉಳಿದರೆ ಸಾಕು. ಅಲ್ಲಿ ಟುಕ್‌ಟುಕ್ ಬಾಡಿಗೆ ದುಬಾರಿ, ಹತ್ತುವ ಮೊದಲೇ ಮಾತಾಡಿಕೊಳ್ಳಿ ಅಥವಾ ಆ್ಯಪ್‌ನಲ್ಲಿ ಕಾರು ಕರೆಯಿರಿ.

ಎರಡೂ ಕಡೆ ಸ್ಕೂಟರ್ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ. ದ್ವಿಚಕ್ರ ವಾಹನಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿಯನ್ನು ಆರ್‌ಟಿಒದಿಂದ ಪಡೆಯದೆ ಓಡಿಸಬೇಡಿ. ಪರವಾನಗಿ ಇಲ್ಲದೆ ಬಿದ್ದರೆ ಪ್ರವಾಸ ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ.

8. ಪ್ಯಾಕೇಜ್ ದರದ ಹೊರಗಿನ ಖರ್ಚು ಕೂಡಿಸಿ

ಬಾಲಿಗೆ ಇಳಿದ ಮೇಲೆ ಸಿಗುವ 30 ದಿನದ ವೀಸಾಕ್ಕೆ ತಲೆಗೆ 5 ಲಕ್ಷ ರುಪಿಯಾ. 2024ರ ಫೆಬ್ರುವರಿ 14ರಿಂದ ಪ್ರವಾಸಿ ಶುಲ್ಕ ತಲೆಗೆ 1.5 ಲಕ್ಷ ರುಪಿಯಾ ಸೇರಿದೆ. ಅಂದರೆ ನಾಲ್ವರ ಕುಟುಂಬಕ್ಕೆ 26 ಲಕ್ಷ ರುಪಿಯಾ. ಸೊನ್ನೆಗಳನ್ನು ಕಂಡು ಗಾಬರಿ ಬೇಡ, ಆದರೆ ಹತ್ತು ಸಾವಿರದ ನೋಟಿಗೂ ಲಕ್ಷದ ನೋಟಿಗೂ ವ್ಯತ್ಯಾಸ ನೋಡಿ ಕೊಡಿ. ಥಾಯ್ಲೆಂಡ್ 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನದವರೆಗೆ ವೀಸಾರಹಿತ ಪ್ರವೇಶ ಕೊಟ್ಟಿತು. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ಮುಂಚೆಯೇ ತುಂಬಬೇಕಾಗಿದೆ. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ತೆಗೆಯುವ ವಾರದಲ್ಲಿ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಿ.

ವೀಸಾದಲ್ಲಿ ಉಳಿದದ್ದು ಫುಕೆಟ್‌ನಲ್ಲಿ ದೋಣಿಗೆ ಹೋಗುತ್ತದೆ. ಒಂದೊಂದು ದ್ವೀಪಯಾತ್ರೆಗೂ ತಲೆಲೆಕ್ಕದ ದರ, ಜೊತೆಗೆ ರಾಷ್ಟ್ರೀಯ ಉದ್ಯಾನದ ಶುಲ್ಕ ಬೇರೆ. ಬಾಲಿಯಲ್ಲಿ ಒಂದು ಕಾರಿನ ಬಾಡಿಗೆಯನ್ನು ಐವರು ಹಂಚಿಕೊಳ್ಳಬಹುದು, ಈಜುಕೊಳವಿರುವ ವಿಲ್ಲಾ ಮೂರು ಕೊಠಡಿಗಳೊಂದಿಗೆ ಹಿತವಾದ ದರಕ್ಕೆ ಸಿಗುತ್ತದೆ. ಅನುಭವದಲ್ಲಿ ಕಂಡದ್ದು: ದಂಪತಿಗೆ ಫುಕೆಟ್ ಅಗ್ಗ, ತುಂಬು ಕುಟುಂಬಕ್ಕೆ ಬಾಲಿ.

9. ಅಲ್ಲಿಯವರ ಪಂಚಾಂಗ, ಅಲ್ಲಿಯವರ ನಿಯಮ ನೋಡಿಯೇ ದಿನ ಇಡಿ

ಬಾಲಿಯ ಹಿಂದೂಗಳ ಹೊಸವರ್ಷ 'ಞೆಪಿ'. ನಮ್ಮ ಶಾಲಿವಾಹನ ಶಕೆಯ ಎಣಿಕೆಯೇ ಅವರದೂ. ಹಾಗಾಗಿ ಕೆಲವು ವರ್ಷ ಅದು ಯುಗಾದಿಯಂದೇ ಬರುತ್ತದೆ. 2023ರ ಮಾರ್ಚ್ 22ರಂದು ಎರಡೂ ಒಂದೇ ದಿನ ಬಂದವು. ಆ ದಿನ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ, ರಸ್ತೆಗೆ ಯಾರೂ ಇಳಿಯುವಂತಿಲ್ಲ, ಪ್ರವಾಸಿಗರೂ ಹೋಟೆಲ್ಲಿನೊಳಗೇ ಇರಬೇಕು. ಯುಗಾದಿ ರಜೆಗೆ ಬಾಲಿ ಎನ್ನುವವರು ಇದನ್ನು ಮೊದಲು ನೋಡಲಿ. ತಿಳಿದು ಹೋದರೆ ಅದು ಭಾಗ್ಯವೂ ಹೌದು: ಹಿಂದಿನ ಸಂಜೆ ಓಗೊ-ಓಗೊ ಎಂಬ ದೈತ್ಯ ಪ್ರತಿಮೆಗಳ ಮೆರವಣಿಗೆ, ಮರುದಿನ ರಾತ್ರಿ ದೀಪವಿಲ್ಲದ ಊರಿನ ಮೇಲೆ ನಕ್ಷತ್ರಗಳು.

ಬಾಲಿಯ ದೇವಾಲಯಗಳಿಗೆ ಸೊಂಟಕ್ಕೆ ಸರೋಂಗ್ ಸುತ್ತಿಯೇ ಹೋಗಬೇಕು. ಬಾಗಿಲಲ್ಲಿ, ಹಾದಿಯಲ್ಲಿ ಎಲೆಬುಟ್ಟಿಯ ಹೂವಿನ ನೈವೇದ್ಯ ಇಟ್ಟಿರುತ್ತಾರೆ, ದಾಟುವಾಗ ನೋಡಿ ಕಾಲಿಡಿ. ಫಿಫಿಯ ಮಾಯಾ ಬೇ ಪ್ರವಾಸಿಗರ ಭಾರಕ್ಕೆ ಹವಳ ಸತ್ತು 2018ರಿಂದ 2022ರ ಆರಂಭದವರೆಗೆ ಮುಚ್ಚಿತ್ತು. ತೆರೆದ ಮೇಲೂ ದೋಣಿ ಹಿಂಬದಿಯಿಂದ ಬರಬೇಕು, ಕೊಲ್ಲಿಯಲ್ಲಿ ಈಜುವಂತಿಲ್ಲ. ಹವಳಕ್ಕೆ ಕೇಡಾಗುವ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಥಾಯ್ಲೆಂಡ್ ತನ್ನ ಕಡಲ ಉದ್ಯಾನಗಳಲ್ಲಿ 2021ರಲ್ಲಿ ನಿಷೇಧಿಸಿದೆ. ಇ-ಸಿಗರೇಟು ಅಲ್ಲಿ ಅಪರಾಧ. ಆನೆ ಸವಾರಿಯನ್ನು ನಾವು ಯಾರಿಗೂ ಬುಕ್ ಮಾಡಿಕೊಡುವುದಿಲ್ಲ, ಎರಡೂ ದ್ವೀಪಗಳಲ್ಲಿ.

10. ಎರಡನ್ನೂ ಒಂದೇ ಸಲಕ್ಕೆ ಮುಗಿಸಬೇಡಿ

"ಅಷ್ಟು ದೂರ ಹೋದಮೇಲೆ ಎರಡೂ ನೋಡಿಬಿಡೋಣ" ಎನ್ನುವವರನ್ನು ತಡೆಯುತ್ತೇನೆ. ಏಪ್ರಿಲ್ ಮೊದಲ ಎರಡು ವಾರ ಬಿಟ್ಟರೆ, ಒಂದಕ್ಕೆ ಒಳ್ಳೆಯ ಕಾಲ ಇದ್ದಾಗ ಇನ್ನೊಂದಕ್ಕೆ ಮಳೆಗಾಲ. ಒಟ್ಟಿಗೆ ಹೋದರೆ ಒಂದನ್ನಂತೂ ಅದರ ಕೆಟ್ಟ ದಿನಗಳಲ್ಲೇ ನೋಡಬೇಕಾಗುತ್ತದೆ. ನಡುವೆ ಒಂದಿಡೀ ದಿನ ವಿಮಾನ ನಿಲ್ದಾಣಗಳಲ್ಲಿ ಕಳೆಯುತ್ತದೆ. ಒಂದನ್ನೇ ಹಿಡಿಯಿರಿ, ಅದರಲ್ಲೂ ಒಂದು ದಿನವನ್ನು ಖಾಲಿ ಬಿಡಿ. ಮಳೆ ಬಂದು ದೋಣಿ ನಿಂತರೆ ಆ ಯಾತ್ರೆಯನ್ನು ಮರುದಿನಕ್ಕೆ ತಳ್ಳಲು ಅದು ಬೇಕು. ಮಳೆ ಬಾರದಿದ್ದರೆ ಅಪ್ಪ-ಅಮ್ಮ ಮಕ್ಕಳ ಜೊತೆ ಮರಳಿನಲ್ಲಿ ಸುಮ್ಮನೆ ಕೂರಲು ಬೇಕು. ಊರಿನಲ್ಲಿ ಸಿಗದ ಆ ಹೊತ್ತಿಗಾಗಿಯೇ ಇಷ್ಟು ಖರ್ಚು ಮಾಡಿ ಹೊರಟಿರುತ್ತೀರಿ.

ಮುಂಗಡ ಕಟ್ಟುವ ಮುನ್ನ ಮನೆಯವರೆಲ್ಲ ಕೂತು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ: ಯಾವ ತಿಂಗಳು, ಎಷ್ಟು ರಾತ್ರಿ, ನಮ್ಮಲ್ಲಿ ಮೆಟ್ಟಿಲು ಹತ್ತಲಾರದವರು ಯಾರು, ನೀರಿಗಿಳಿಯುವವರು ಎಷ್ಟು ಜನ. ಡಿಸೆಂಬರ್, ಐದು ರಾತ್ರಿ, ಎಲ್ಲರಿಗೂ ಕಡಲೆಂದರೆ ಇಷ್ಟ ಎಂದು ಬಂದರೆ ಫುಕೆಟ್‌ಗೆ ಹೊರಡಿ. ಮೇ, ಏಳು ರಾತ್ರಿ, ಅಜ್ಜಿಯೂ ಇದ್ದಾರೆ, ಅರ್ಧ ಜನಕ್ಕೆ ನೀರೆಂದರೆ ಭಯ ಎಂದಾದರೆ ಬಾಲಿಗೆ. ಬಿಟ್ಟ ದ್ವೀಪದ ಬಗ್ಗೆ ಬೇಸರ ಬೇಡ; ಇನ್ನೊಂದು ರಜೆ ಬಂದಾಗ ಅದರ ಒಳ್ಳೆಯ ಕಾಲವೂ ಬಂದಿರುತ್ತದೆ.